ಗಂಡನ ಡ್ಯೂಟಿಗೆ ಹೆಂಡತಿಯ ಓವರ್‌ಟೈಮ್

ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಅಂತ ಹೆಂಡತಿಯ ಮುಖ ನೋಡ್ತೀರಿ, ಆಫೀಸಿಗೆ ಬನ್ನಿ ಎಂಬರ್ಥದ ಮಾತನ್ನು ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಆಡಿದ್ದು 2025ರ ಜನವರಿಯಲ್ಲಿ ಸುದ್ದಿಯಾಯಿತು. ವಾರಕ್ಕೆ 90 ಗಂಟೆ ದುಡಿಯಬೇಕಂತೆ. ಅದಕ್ಕೂ ಮುಂಚೆ, 2023ರಲ್ಲಿ, ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಜನರು 70 ಗಂಟೆ ದುಡಿಯಲಿ ಎಂದಿದ್ದರು. ಎರಡು ಸಲವೂ ಟಿ.ವಿ.ಯಲ್ಲಿ ಚರ್ಚೆಯೋ ಚರ್ಚೆ. ಆದರೆ ಅಷ್ಟು ಗಂಟೆ ದುಡಿಯುವವನಿಗೆ ಡಬ್ಬಿ ಕಟ್ಟುವವರು, ಅವನ ಷರಟು ಇಸ್ತ್ರಿಗೆ ಕೊಡುವವರು, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವವರು, ಅತ್ತೆಯ ಬಿ.ಪಿ. ಮಾತ್ರೆ ತರುವವರು ಯಾರು ಅಂತ ಕೇಳಿದವರು ಕಡಿಮೆ. ನೀವು ತಾನೆ?

90 ಗಂಟೆ ಎಂದರೆ ವಾರದ ಏಳೂ ದಿನ ಹೆಚ್ಚೂಕಡಿಮೆ 13 ಗಂಟೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಬೇರೆ. ಕಂಪನಿ ಒಬ್ಬರಿಗೆ ಸಂಬಳ ಕೊಟ್ಟು ಇಬ್ಬರ ದುಡಿಮೆ ಪಡೆಯುವ ಲೆಕ್ಕ ಇದು.

ಇಷ್ಟಾದರೂ ನಮ್ಮ ಮನೆಗಳಲ್ಲಿ ಕೇಳಿಬರುವ ಬುದ್ಧಿಮಾತು ಒಂದೇ. “ಕಂಪನಿ ಕೆಲಸ, ತಗ್ಗಿ ಬಗ್ಗಿ ನಡ್ಕೊಳ್ಳಿ. ಯೂನಿಯನ್ನು ಗೀನಿಯನ್ನು ಅಂತ ಮೈಮೇಲೆ ಎಳ್ಕೋಬೇಡಿ.” ಗಂಡನಿಗೂ ಇದನ್ನೇ ಹೇಳುತ್ತೇವೆ, ಕೆಲಸಕ್ಕೆ ಸೇರಿದ ಮಗಳಿಗೂ ಇದನ್ನೇ. ಈ ಮಾತು ತಪ್ಪು ಅಂತ ನನ್ನ ಅಭಿಪ್ರಾಯ. ಮನೆ ಸಾಲದ ಕಂತು ತಲೆಮೇಲಿರುವಾಗ ಹೆದರಿಕೆ ಸಹಜ. ಆದರೆ ಹೆದರಿಕೆಯನ್ನೇ ಜಾಣತನ ಅಂದುಕೊಳ್ಳಬಾರದು ನೋಡಿ.

ಈ ಹೆದರಿಕೆಗೆ ಬೆಂಗಳೂರಿನಲ್ಲಿ ಹಳೆಯ ಕಾರಣವೂ ಇದೆ. 1980-81ರಲ್ಲಿ ಎಚ್‌.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್‌.ಎಂ.ಟಿ. ಮುಂತಾದ ಕಾರ್ಖಾನೆಗಳ ನೌಕರರು 77 ದಿನ ಮುಷ್ಕರ ಹೂಡಿದ್ದರು. ಎರಡೂವರೆ ತಿಂಗಳು ಸಂಬಳವಿಲ್ಲದ ಮನೆಯಲ್ಲಿ ಒಲೆ ಉರಿಸುವ ಚಿಂತೆ ಹೆಂಗಸರದ್ದೇ ಅಲ್ವಾ? ಅಷ್ಟು ದಿನ ನಿಂತರೂ ಕೇಳಿದ್ದೆಲ್ಲ ಸಿಗಲಿಲ್ಲ. ಕೆಲಸಗಳ್ಳನ ಬೆನ್ನಿಗೆ ನಿಂತು ಹೆಸರು ಕೆಡಿಸಿಕೊಂಡ ಸಂಘಗಳೂ ಇವೆ, ಸುಳ್ಳಲ್ಲ. ಹಾಗಂತ ಎಂಟು ಗಂಟೆ ಕೆಲಸ, ವಾರದ ರಜ, ಹೆರಿಗೆ ರಜ, ಪಿ.ಎಫ್. ಇವೆಲ್ಲ ಯಾವ ಮಾಲೀಕರೂ ಮನಸ್ಸು ಕರಗಿ ತಾವಾಗಿ ಕೊಟ್ಟ ಬಾಗಿನವಲ್ಲ. ನೂರಾರು ಜನ ಒಟ್ಟಾಗಿ ಕೇಳಿ ಪಡೆದದ್ದು. 1920ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘ ಶುರುವಾದಾಗ ಅದರ ಮುಂಚೂಣಿಯಲ್ಲಿದ್ದದ್ದು ಅನಸೂಯಾ ಸಾರಾಭಾಯಿ. ಗಿರಣಿ ಮಾಲೀಕರ ಮನೆತನದ ಹೆಣ್ಣುಮಗಳು! ಸ್ವಂತ ಅಣ್ಣತಮ್ಮನ ಎದುರೇ ನಿಂತಾಕೆ.

ಅಷ್ಟು ಹಿಂದಕ್ಕೆ ಯಾಕೆ, 2016 ನೆನಪಿಸಿಕೊಳ್ಳಿ. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಆ ದುಡ್ಡೇ ಮಗಳ ಮದುವೆ, ಮಗನ ಫೀಸು, ತೀರದ ಕೈಸಾಲ. ಹೊಲಿಗೆ ಮೆಷಿನ್ ಮುಂದೆ 58ರವರೆಗೆ ಕೂರಲು ಯಾರ ಬೆನ್ನಿಗೆ ಶಕ್ತಿ ಇದೆ? ಏಪ್ರಿಲ್ 18ರಂದು ಅವರು ಕಾರ್ಖಾನೆ ಬಿಟ್ಟು ಹೊಸೂರು ರಸ್ತೆಗಿಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಮಾರನೆಯ ದಿನ ಲಾಠಿ ಬೀಸಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಆ ಬೆಂಕಿಯನ್ನು ನಾನು ಒಪ್ಪುವುದಿಲ್ಲ. ಆದರೆ 19ರ ಸಂಜೆಯ ಹೊತ್ತಿಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು, ಅದರ ಲಾಭ ಏ.ಸಿ. ರೂಮಿನಲ್ಲಿ ಕೂತ ನಿಮ್ಮ ಯಜಮಾನರಿಗೂ ಸಿಕ್ಕಿತು.

ಐ.ಟಿ.ಯವರೂ ಈಗ ಎಚ್ಚೆತ್ತಿದ್ದಾರೆ. 2017ರಿಂದ ಕರ್ನಾಟಕದಲ್ಲಿ ಅವರದ್ದೇ ಒಂದು ಸಂಘವಿದೆ, ‘ಕಿಟು’ ಅಂತ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ಬೀದಿಗಿಳಿದು ವಿರೋಧಿಸಿದ್ದು ಅವರೇ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟಿರುವ ಹಕ್ಕು. ಅದನ್ನು ಪುಂಡಾಟ ಅಂದುಕೊಳ್ಳಬೇಡಿ.

“ಹಾಗಾದ್ರೆ ಅವರವರ ಜವಾಬ್ದಾರಿ ಅಂತ ಏನೂ ಇಲ್ವಾ?” ಅಂತೀರಾ? ಖಂಡಿತ ಇದೆ. ತೆಗೆದುಕೊಂಡ ಸಂಬಳಕ್ಕೆ ನಿಯತ್ತಾಗಿ ದುಡಿಯಬೇಕು. ಜೊತೆಗೆ ತನಗೆ ಬರಬೇಕಾದ್ದು ಏನು ಅಂತ ತಿಳಿದಿರಬೇಕು. ಎಷ್ಟೋ ಗಂಡಸರು ನೇಮಕಾತಿ ಪತ್ರವನ್ನು ಪೂರ್ತಿ ಓದಿಯೇ ಇರುವುದಿಲ್ಲ. ನೀವು ಓದಿ. ಪೇ ಸ್ಲಿಪ್ ತೆಗೆಸಿ ನೋಡಿ. ಪಿ.ಎಫ್.ನ 12 ಅಂಕಿಯ ಯು.ಎ.ಎನ್. ನಂಬರನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಮುಖ್ಯವಾಗಿ ನಾಮಿನಿ ಹೆಸರು. ಮದುವೆಗೆ ಮುಂಚೆ ಬರೆಸಿದ್ದನ್ನೇ ಹಾಗೇ ಬಿಟ್ಟವರು ಬಹಳ ಜನ, ಮದುವೆಯಾದ ಮೇಲೆ ಅದನ್ನು ಹೊಸದಾಗಿ ಮಾಡಿಸಬೇಕು. ಪಿ.ಎಫ್. ಇರುವ ನೌಕರ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ 7 ಲಕ್ಷ ರೂಪಾಯಿವರೆಗೆ ವಿಮೆ ಹಣ ಬರುತ್ತದೆ, ಇದಕ್ಕೆ ಅವರು ಕೈಯಿಂದ ಕಂತು ಕಟ್ಟಬೇಕಾಗಿಲ್ಲ. ಅಶುಭ ಮಾತು ಯಾಕೆ ಅಂತ ಸುಮ್ಮನಿದ್ದು, ಆಮೇಲೆ ಆಫೀಸಿನಿಂದ ಆಫೀಸಿಗೆ ಅಲೆಯುವುದು ಬೇಡ. ಇದನ್ನೆಲ್ಲ ಕೇಳಿದರೆ ಯಜಮಾನರು “ನಿನಗ್ಯಾಕೆ ಇದೆಲ್ಲ” ಅನ್ನಬಹುದು. ಬಿಡಬೇಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ನಿಮ್ಮ ಮನೆಯೂ ಒಬ್ಬಾಕೆಗೆ ಕೆಲಸದ ಜಾಗ. 2004ರಲ್ಲೇ ನಮ್ಮ ರಾಜ್ಯ ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತುಮಾಡಿತು. ಆದರೂ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಸೇರಿ “ಪಾತ್ರೆ, ನೆಲಕ್ಕೆ ಯಾರೂ ಇದಕ್ಕಿಂತ ಹೆಚ್ಚು ಕೊಡಬೇಡಿ” ಅಂತ ಮಾತಾಡಿಕೊಳ್ಳುತ್ತೇವಲ್ಲ, ಅದೂ ಒಂದು ಯೂನಿಯನ್ನೇ! ಹಾಗಿರುವಾಗ ಎರಡನೇ ಮಹಡಿಯ ಲಕ್ಷ್ಮಿ, ನಾಲ್ಕನೇ ಮಹಡಿಯ ಮಂಜುಳಾ ಜೊತೆಯಾಗಿ ಬಂದು “ಅಕ್ಕಾ, ಭಾನುವಾರ ರಜ ಬೇಕು” ಅಂದರೆ, ಅವರು ಸಂಘ ಕಟ್ಟಿಕೊಂಡು ಬಂದರು ಅಂತ ಸಿಡುಕಬೇಡಿ. ಕೂರಿಸಿ, ಕಾಫಿ ಕೊಟ್ಟು, ಯಾವ ಭಾನುವಾರದಿಂದ ಅಂತ ಕೇಳಿ.