ಜಮೀನಿನ ಜಗಳಕ್ಕೆ ಮೈಕು ಕೊಡಬೇಕೆ?

ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದು ನೂರು ಕಿಲೋಮೀಟರು ದಾಟಿದರೆ ಜಹೀರಾಬಾದ್. ಅಲ್ಲಿಂದ ಬೀದರ್ ಹೆಚ್ಚು ದೂರವಿಲ್ಲ. 1956ರಲ್ಲಿ ಭಾಷಾವಾರು ಗಡಿ ಎಳೆಯುವವರೆಗೆ ಈ ಸೀಮೆ ಬೀದರ್ ಜಿಲ್ಲೆಗೇ ಸೇರಿತ್ತು. ಇಲ್ಲಿನ ಮಾಚನೂರು ಎಂಬ ಹಳ್ಳಿಯಲ್ಲಿ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ 90.4ರಲ್ಲಿ ಮಾತಾಡತೊಡಗಿತು. ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ಹಳ್ಳಿಗೆ ದಕ್ಕಿದ ದೇಶದ ಮೊದಲ ಸಮುದಾಯ ರೇಡಿಯೊ ಅದು. ನಡೆಸಿದವರು ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಇಬ್ಬರ ದನಿ ಅದರ ಗುರುತಾಯಿತು. ಹಿಂದೆ ನಿಂತಿದ್ದು 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ದೂರದರ್ಶನದಲ್ಲಿ ವರ್ಷಗಟ್ಟಲೆ ಕಾರ್ಯಕ್ರಮ ಮಾಡಿ, ಆ ಕೆಲಸ ಬಿಟ್ಟು, ಸಿರಿಧಾನ್ಯ ಬೆಳೆಯುವ ಹೆಂಗಸರ ಜೊತೆ ಬದುಕು ಕಳೆದು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

ಪರವಾನಗಿ ಬರುವ ಹತ್ತಿರ ಹತ್ತಿರ ಹತ್ತು ವರ್ಷ ಮೊದಲೇ ಯುನೆಸ್ಕೊ ನೆರವಿನಿಂದ ಅಲ್ಲಿ ಸ್ಟುಡಿಯೊ ಎದ್ದಿತ್ತು. ಗಾಳಿಗೆ ಬಿಡಲು ಅಪ್ಪಣೆ ಇರಲಿಲ್ಲ. ಹೆಂಗಸರು ಧ್ವನಿಮುದ್ರಿಸಿ ಕ್ಯಾಸೆಟ್ಟು ಮಾಡಿ, ಊರೂರಿನ ಮಹಿಳಾ ಸಂಘದ ಸಭೆಗೆ ಒಯ್ದು ಕೇಳಿಸುತ್ತಿದ್ದರು. ಬಿತ್ತನೆ ಬೀಜ, ಹುಳದ ಕಾಟ, ಬಾಣಂತಿಯ ಆರೈಕೆ, ಬೀಸುವ ಹಾಡು.

ಈಗ ಅದೇ ಸೀಮೆಯ ನೆಲದ ಸಂಗತಿ. ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ 12,600 ಎಕರೆಗೂ ಮೀರಿದ ಜಮೀನಿನ ಮೇಲೆ ‘ನಿಮ್ಜ್’ ಎಂಬ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯದ ಯೋಜನೆ ಬಂತು. ತೆಲಂಗಾಣ ಸರ್ಕಾರ ಭೂಸ್ವಾಧೀನ ಕಾಯ್ದೆಯ ದಾರಿ ಬಿಟ್ಟು, 2015ರ ಆದೇಶ ಸಂಖ್ಯೆ 123ರಡಿ ನೇರ ಖರೀದಿಗೆ ಹೊರಟಿತು. ಜಮೀನಿಲ್ಲದ ಕೂಲಿಕಾರರು, ಹೊಲ ಹೋದರೆ ಮಾಲೀಕನಿಗೆ ದುಡ್ಡು ಸಿಗುತ್ತದೆ, ನಮ್ಮ ಕೂಲಿಗೆ ಯಾರು ಹೊಣೆ ಎಂದು ಹೈಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ಏಕಸದಸ್ಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. ಬೀಜದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ರೇಡಿಯೊ, ಆ ಬೀಜ ಬೀಳುವ ನೆಲವೇ ಕೈತಪ್ಪುವ ಹೊತ್ತಿನಲ್ಲಿ ಎಷ್ಟು ಮಾತಾಡಬೇಕು, ಎಷ್ಟು ಮಾತಾಡಬಹುದು? ಎರಡೂ ಬೇರೆ ಬೇರೆ ಪ್ರಶ್ನೆಗಳು.

ನೆಲದ ಹಕ್ಕು ಎಂದೊಡನೆ ನೆನಪಾಗುವುದು ಆದಿವಾಸಿಗಳು. ಸಂಘದ ಈ ಹೆಣ್ಣುಮಕ್ಕಳು ಆದಿವಾಸಿಗಳಲ್ಲ. ಆದರೆ ಅವರಲ್ಲಿ ಎಷ್ಟೋ ಜನರ ಕೈಯಲ್ಲಿರುವುದು ಸರ್ಕಾರ ಹಂಚಿಕೊಟ್ಟ ‘ಅಸೈನ್ಡ್’ ಜಮೀನು. ಕಲ್ಲು ಆರಿಸಿ ಹದ ಮಾಡಿದ ನೆಲ. ಉಳುವ ಹಕ್ಕುಂಟು, ಮಾರುವ ಹಕ್ಕಿಲ್ಲ. ಕಾಡಂಚಿನ ಹಾಡಿಯವರ ಜಮೀನಿನ ಹಾಗೆ ಇದೂ ಕಾಗದದಲ್ಲಿ ತೆಳು. ಹಳೆಯ ಹೈದರಾಬಾದ್ ಸಂಸ್ಥಾನದ ಸೀಮೆಗೆ ಈ ತೆಳು ಕಾಗದದ ಪೆಟ್ಟು ಹೊಸದಲ್ಲ. ಆದಿಲಾಬಾದ್ ಕಡೆಯ ಜೋಡೆಘಾಟಿನಲ್ಲಿ 1940ರಲ್ಲಿ ಗೊಂಡ ಆದಿವಾಸಿಗಳ ನಾಯಕ ಕೊಮರಂ ಭೀಮ್ ಪೊಲೀಸರ ಗುಂಡಿಗೆ ಬಲಿಯಾದ ಮೇಲೆ, ಗೊಂಡರ ಗೋಳೇನು ಎಂದು ತಿಳಿಯಲು ನಿಜಾಮ ಸರ್ಕಾರ ಹೈಮೆಂಡಾರ್ಫ್ ಎಂಬ ಮಾನವಶಾಸ್ತ್ರಜ್ಞರನ್ನು ಕಳಿಸಿತು. ಅವರ ವರದಿಗಳಿಂದ ಸಾವಿರಾರು ಕುಟುಂಬಗಳಿಗೆ ಪಟ್ಟಾ ಸಿಕ್ಕಿದ್ದು ನಿಜ. ಆದರೂ 1981ರ ಏಪ್ರಿಲ್ 20ರಂದು ಇಂದ್ರವೆಲ್ಲಿಯಲ್ಲಿ ಜಮೀನಿನ ಅಹವಾಲು ಹೊತ್ತು ಸೇರಿದ್ದ ಗೊಂಡರ ಮೇಲೆ ಮತ್ತೆ ಪೊಲೀಸರ ಗುಂಡು ಹಾರಿತು. ಈ ನಲವತ್ತು ವರ್ಷಗಳಲ್ಲಿ ಗೊಂಡರ ಕಷ್ಟ ಸರ್ಕಾರಕ್ಕೆ ತಲುಪಿದ್ದು ಬಹುಪಾಲು ಹೊರಗಿನವರ ಬರಹದ ಮೂಲಕ. ಯಾರ ಜಮೀನೋ ಅವರೇ ತಮ್ಮ ಮಾತಿನಲ್ಲಿ, ತಮ್ಮ ಊರಿನಿಂದ ಹೇಳಿಕೊಳ್ಳುವ ಸಾಧನ ಇರಬೇಕೆಂಬ ವಾದಕ್ಕೆ ಇಲ್ಲಿಂದ ಬಲ ಬರುತ್ತದೆ.

ಆ ವಾದವನ್ನು ಮೊದಲು ಪೂರ್ತಿ ಕೇಳೋಣ. 1995ರಲ್ಲಿ ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್ ಮತ್ತು ಬಿ.ಪಿ. ಜೀವನ್ ರೆಡ್ಡಿ, ತರಂಗಗಳು ಸಾರ್ವಜನಿಕರ ಸ್ವತ್ತು ಎಂದರು. ಹಾಗಿದ್ದೂ ಹಳ್ಳಿಯ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ಕೊನೆಯಲ್ಲಿ. ಕೋಲಾರದ ಬೂದಿಕೋಟೆಯವರು ಅಷ್ಟು ದಿನ ಕಾಯಲಾರದೆ, ‘ನಮ್ಮ ಧ್ವನಿ’ಯನ್ನು ಕೇಬಲ್ಲಿನ ತಂತಿಯಲ್ಲೇ ಮನೆಮನೆಗೆ ಹರಿಸಿದ್ದರು. ಬಾಗಿಲು ತೆರೆದ ಮೇಲೂ ಒಂದು ಚಿಲಕ ಉಳಿಯಿತು. ಸಮುದಾಯ ರೇಡಿಯೊ ಸುದ್ದಿ ಬಿತ್ತರಿಸುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. 2024ರ ಪರಿಷ್ಕೃತ ಮಾರ್ಗಸೂಚಿ ಪರವಾನಗಿಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು, ಜಾಹೀರಾತಿಗೆ ಗಂಟೆಗೆ 12 ನಿಮಿಷ ಕೊಟ್ಟಿತು, ಆ ಚಿಲಕವನ್ನು ಮಾತ್ರ ಹಾಗೇ ಬಿಟ್ಟಿತು.

ಜಮೀನಿನ ವಿಷಯದಲ್ಲಿ ಇದರ ಪರಿಣಾಮ ಏನೆಂದು ಹತ್ತಿರದಿಂದ ನೋಡಬೇಕು. 2013ರ ಭೂಸ್ವಾಧೀನ ಕಾಯ್ದೆಯ ಪ್ರಾಥಮಿಕ ಅಧಿಸೂಚನೆ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಪಂಚಾಯತಿ ಮತ್ತು ತಹಸೀಲ್ದಾರ್ ಕಚೇರಿಗಳಲ್ಲಿ ಅಂಟಿಸಬೇಕು, ವೆಬ್‌ಸೈಟಿಗೆ ಏರಿಸಬೇಕು. ಆಕ್ಷೇಪಣೆಗೆ 60 ದಿನ. ಪಂಚಾಯತಿ ಗೋಡೆಯ ಮೇಲಿನ ಆ ಹಾಳೆಯಲ್ಲಿ ಇರುವುದೇನು? ಸಾಲುಸಾಲು ಸರ್ವೆ ನಂಬರು, ಎಕರೆ-ಗುಂಟೆ ವಿಸ್ತೀರ್ಣ, ಖಾತೆದಾರನ ಹೆಸರು. ಎಷ್ಟೋ ಕಡೆ ಆ ಖಾತೆದಾರ ಸತ್ತು ಒಂದು ತಲೆಮಾರು ಕಳೆದಿರುತ್ತದೆ. ಉಳುತ್ತಿರುವವಳು ಅವನ ಸೊಸೆ. ಅವಳಿಗೆ ಓದು ಬರದು, ಅಲ್ಲಿ ತನ್ನ ಹೆಸರೂ ಇಲ್ಲ. 60 ದಿನ ಸುಮ್ಮನೆ ಸರಿದುಹೋಗುತ್ತವೆ. ಸಂಜೆ ಏಳಕ್ಕೆ ರೇಡಿಯೊದಲ್ಲಿ ಪರಿಚಯದ ದನಿಯೊಂದು, ಇಂಥ ಸರ್ವೆ ನಂಬರು ಅಂದರೆ ಕೆರೆ ಏರಿಯ ಮೇಲಿನ ನಮ್ಮ ಹೊಲ, ಇಂಥ ದಿನದೊಳಗೆ ಅರ್ಜಿ ಕೊಡಬೇಕು ಎಂದರೆ ಅದೊಂದೇ ಮಾತು ಒಂದು ಕುಟುಂಬದ ಗತಿ ಬದಲಿಸಬಹುದು. ಸ್ಥಳೀಯ ಆಡಳಿತ ಕೊಟ್ಟ ಸಾರ್ವಜನಿಕ ಪ್ರಕಟಣೆಯನ್ನು ಓದಲು ನಿಯಮದ ಅಡ್ಡಿಯಿಲ್ಲ. ಆದರೆ ಅದಕ್ಕೆ ಊರಿನವರು ಕೊಡುವ ಉತ್ತರ, ಗ್ರಾಮಸಭೆಯಲ್ಲಿ ಎದ್ದ ತಕರಾರು, ಕಲೆಕ್ಟರ್ ಕಚೇರಿ ಮುಂದೆ ಕೂತ ಧರಣಿ ಇವೆಲ್ಲ ಸುದ್ದಿಯ ಗೆರೆ ದಾಟುತ್ತವೆ. ಸರ್ಕಾರದ ಮಾತಿಗೆ ಗಾಳಿಯಲ್ಲಿ ಜಾಗ ಸಿಕ್ಕು, ಜನರ ಉತ್ತರಕ್ಕೆ ಸಿಗದಿದ್ದರೆ ಅದು ನ್ಯಾಯವಲ್ಲ. ಈ ನಿಷೇಧವನ್ನು ಪ್ರಶ್ನಿಸಿ ‘ಕಾಮನ್ ಕಾಸ್’ ಸಂಸ್ಥೆ 2013ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದೆ.

ಇನ್ನು ಎದುರು ಪಕ್ಷ. ಅದನ್ನು ಬರೀ ಸರ್ಕಾರದ ಭಯ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 1994ರಲ್ಲಿ ರುವಾಂಡಾದ ಒಂದು ಖಾಸಗಿ ರೇಡಿಯೊ ನೆರೆಹೊರೆಯವರ ಮೇಲೆ ಕೊಡಲಿ ಎತ್ತಿಸಿತು. ಅದರ ಹಿಂದಿದ್ದವರಿಗೆ 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು. ಅದು ಸಮುದಾಯ ರೇಡಿಯೊ ಆಗಿರಲಿಲ್ಲ, ದೇಶವ್ಯಾಪಿ ಪ್ರಸಾರವಿತ್ತು, ಹೌದು. ಆದರೆ ಮನೆಮಾತಿನಲ್ಲಿ, ಪರಿಚಯದ ದನಿಯಲ್ಲಿ ಬಂದ ಮಾತಿಗಿರುವ ಬಲ ಎರಡೂ ಕಡೆ ಒಂದೇ. ನಮ್ಮ ಹಳ್ಳಿಗಳಲ್ಲಿ ಜಮೀನಿನ ಜಗಳ ಜಾತಿಯ ಜಗಳವಾಗಲು ಹೊತ್ತು ಬೇಕಿಲ್ಲ. ಬದುವಿನ ವ್ಯಾಜ್ಯವನ್ನು ಪಹಣಿ ನೋಡದೆ, ಮೋಜಣಿ ಆಗದೆ ಒಂದು ಕಡೆಯ ಮಾತು ಕೇಳಿ ಬಿತ್ತರಿಸಿದರೆ ಬೆಂಕಿ ಹತ್ತುತ್ತದೆ. ಅದನ್ನು ಪರಿಶೀಲಿಸಲು ವರದಿಗಾರ ಬೇಕು, ಸಂಪಾದಕ ಬೇಕು, ಕೋರ್ಟಿಗೆ ಎಳೆದರೆ ವಕೀಲ ಬೇಕು. 2012ರಲ್ಲಿ ತರಂಗಾಂತರದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ 91,000ಕ್ಕೆ ಏರಿಸಿದಾಗಲೇ ದೇಶದ ಸಮುದಾಯ ರೇಡಿಯೊಗಳು ತತ್ತರಿಸಿ ಪ್ರತಿಭಟನೆಗೆ ಇಳಿದವು. ಆಮೇಲೆ ಸರ್ಕಾರ ಏರಿಕೆ ಕೈಬಿಟ್ಟಿತು. ಅಷ್ಟು ಶುಲ್ಕ ತಡೆಯಲಾರದ ಕೇಂದ್ರ ಮಾನಹಾನಿ ಮೊಕದ್ದಮೆ ತಡೆದೀತೆ?

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಇನ್ನೊಂದು ಆಕ್ಷೇಪ. ರೇಡಿಯೊ ಯಾರದು? ಪರವಾನಗಿ ಕೊಡುವುದು ಕನಿಷ್ಠ ಮೂರು ವರ್ಷ ಹಳೆಯದಾದ ನೋಂದಾಯಿತ ಸಂಸ್ಥೆಗೆ, ವಿದ್ಯಾಸಂಸ್ಥೆಗೆ, ಕೃಷಿ ವಿಜ್ಞಾನ ಕೇಂದ್ರಕ್ಕೆ. ಅರ್ಹರ ಪಟ್ಟಿಯಲ್ಲಿ ಗ್ರಾಮಸಭೆ ಇಲ್ಲ. ಹೆಸರಿನಲ್ಲಿ ಸಮುದಾಯ, ಕರಾರುಪತ್ರದಲ್ಲಿ ಸಂಸ್ಥೆ. ಒಳ್ಳೆಯ ಸಂಸ್ಥೆಗೂ ತನ್ನದೇ ನಿಲುವು ಇರುತ್ತದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕುಲಾಂತರಿ ಬೀಜದ ವಿರುದ್ಧ, ರಾಸಾಯನಿಕ ಬೇಸಾಯದ ವಿರುದ್ಧ ಗಟ್ಟಿಯಾಗಿ ನಿಂತದ್ದು. ಆ ನಿಲುವಿಗೆ ನನ್ನ ಮನಸ್ಸೂ ಒಲಿಯುತ್ತದೆ. ಆದರೆ ಅದೇ ಜಹೀರಾಬಾದ್ ಸೀಮೆಯಲ್ಲಿ ಕಬ್ಬು ಬೆಳೆಯುವವರಿದ್ದಾರೆ. ಮಳೆ ನಂಬಿ ಬದುಕಿ ಸಾಕಾಗಿದೆ, ಕಾರ್ಖಾನೆ ಬಂದರೆ ಮಗನಿಗೆ ತಿಂಗಳ ಸಂಬಳವಾದರೂ ಸಿಕ್ಕೀತು ಎನ್ನುವ ಅಪ್ಪಂದಿರೂ ಇರುತ್ತಾರೆ. ಅವರೂ ಆ ನೆಲದ ಮಕ್ಕಳೇ. ನೆಲದ ಹಕ್ಕು ಕಾಯುವ ರೇಡಿಯೊ ಮಾರಲು ಮನಸ್ಸು ಮಾಡಿದವನಿಗೂ ಮೈಕು ಕೊಡಬೇಕು. ಕೊಡದಿದ್ದರೆ ಅದು ಸಂಸ್ಥೆಯ ಕರಪತ್ರವಾಗುತ್ತದೆ.

ಹೊರಗಿನ ಅನುಭವವೂ ಎರಡು ಬಗೆ. ಗ್ವಾಟೆಮಾಲಾದಲ್ಲಿ ಮಾಯಾ ಜನರ ಪುಟ್ಟ ರೇಡಿಯೊಗಳಿಗೆ ಪರವಾನಗಿ ಸಿಗದೆ, ಪೊಲೀಸರು ಸಲಕರಣೆ ಹೊತ್ತೊಯ್ದ ಪ್ರಕರಣದಲ್ಲಿ, 2021ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕು ನ್ಯಾಯಾಲಯ ಆ ಸರ್ಕಾರವನ್ನೇ ತಪ್ಪಿತಸ್ಥ ಎಂದಿತು. ಮೂಲನಿವಾಸಿಗಳಿಗೆ ತಮ್ಮದೇ ರೇಡಿಯೊ ನಡೆಸುವ ಹಕ್ಕಿದೆ ಎಂದು ಒಪ್ಪಿತು. ನಮ್ಮಲ್ಲಿ ಛತ್ತೀಸಗಢದ ‘ಸಿಜಿನೆಟ್ ಸ್ವರ’ 2010ರಿಂದ ಬೇರೆ ದಾರಿ ಹಿಡಿಯಿತು. ಹಳ್ಳಿಯವರು ಮೊಬೈಲಿನಿಂದ ಕರೆ ಮಾಡಿ ಹಿಂದಿಯಲ್ಲೋ ಗೊಂಡಿಯಲ್ಲೋ ದೂರು ಹೇಳುತ್ತಾರೆ, ಪರಿಶೀಲಿಸಿದ ಮೇಲೆ ಉಳಿದವರು ಕರೆ ಮಾಡಿ ಕೇಳಬಹುದು. ಅದಕ್ಕೆ ತರಂಗವೂ ಬೇಡ, ಪರವಾನಗಿಯೂ ಬೇಡ. ತಡೆದ ಕೂಲಿ, ಸಿಗದ ಪಡಿತರ, ಜಮೀನಿನ ಅಹವಾಲು ಎಲ್ಲ ಅಲ್ಲಿ ಬಂದವು. ಸುದ್ದಿ ನಿಷೇಧದಿಂದ ಸುದ್ದಿ ನಿಲ್ಲುವುದಿಲ್ಲ, ಬೇರೆ ತೂತು ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಾಗಾಗಿ ನಿಷೇಧ ತೆಗೆಯಬೇಕು ಎಂಬ ಪಕ್ಷಕ್ಕೆ ನಾನು ವಾಲುತ್ತೇನೆ. ದ್ವೇಷದ ಮಾತಿಗೆ ಭಾರತೀಯ ನ್ಯಾಯ ಸಂಹಿತೆ ಇದೆ. ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಿಡಬೇಕೆಂಬ ನಿಯಮವೂ ಇದೆ. ತಪ್ಪಿದವರನ್ನು ಹಿಡಿಯಲು ಅಷ್ಟು ಸಾಕು.

ಆದರೆ ನಿಷೇಧ ತೆಗೆದ ಮಾತ್ರಕ್ಕೆ ರೇಡಿಯೊವನ್ನು ಹೋರಾಟದ ಆಯುಧ ಮಾಡಿಬಿಡಿ ಎಂದು ನಗರದಲ್ಲಿ ಕೂತು ಹುರಿದುಂಬಿಸುವುದು ಬೇಡ. ಪತ್ರಿಕೆಯಲ್ಲಿ ‘ಹೆಸರು ಹೇಳಲಿಚ್ಛಿಸದ ಗ್ರಾಮಸ್ಥ’ ಎಂದು ಬರೆಯಬಹುದು. ಮುನ್ನೂರು ಮನೆಯ ಊರಿನಲ್ಲಿ ದನಿಗೆ ಮುಸುಕು ಹಾಕಲಾಗದು. ಇಂಥವರ ಮನೆ ಹಿರಿಸೊಸೆ ಎಂದು ಗೌಡನಿಗೂ ಗೊತ್ತು, ದಲ್ಲಾಳಿಗೂ ಗೊತ್ತು, ಠಾಣೆಗೂ ಗೊತ್ತು. ಮರುದಿನ ಕೂಲಿ ಕಳೆದುಕೊಳ್ಳುವವಳು ಅವಳು, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಲೇಖನ ಬರೆಯುವ ನಾವಲ್ಲ. ಎಷ್ಟು ಮಾತಾಡಬೇಕೆಂದು ತೀರ್ಮಾನಿಸುವ ಅಧಿಕಾರ ಆ ಊರಿನ ಹೆಂಗಸರಿಗೇ ಇರಬೇಕು. ಅದಕ್ಕೆ ಗ್ರಾಮಸಭೆಯ ಹೆಸರಿನಲ್ಲೂ ಪರವಾನಗಿ ಸಿಗಬೇಕು, ಇಲ್ಲವೇ ಕಾರ್ಯಕ್ರಮ ತೀರ್ಮಾನಿಸುವ ಸಮಿತಿಯಲ್ಲಿ ಸಂಸ್ಥೆಯ ಸಂಬಳದವರಿಗಿಂತ ಊರವರ ಕೈ ಮೇಲಿರಬೇಕು.

ಅಷ್ಟಾಗುವವರೆಗೆ ಕೈಗೂಡುವ ಒಂದು ಕೆಲಸವಿದೆ, ಅದಕ್ಕೆ ಸುದ್ದಿಯ ಅಪ್ಪಣೆಯೂ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಹಕ್ಕು ಕೇಳುವವರನ್ನು ಬಿಟ್ಟು ಊರಿನ ಬೇರೆ ಹಿರಿಯರು ಕೊಟ್ಟ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಾಗದಲ್ಲಿದ್ದುದನ್ನು ತೋರಿಸಬೇಕು. ಉಳಿದವರು ಅದರ ಜೊತೆಗೆ 75 ವರ್ಷದ ವಾಸವನ್ನೂ. 2025ರ ಮೇ ತಿಂಗಳಲ್ಲಿ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಮರಳಿ ಹೋಗಿ, ಇದು ನಮ್ಮ ಹಾಡಿ ಎಂದಾಗ ಎದ್ದ ಪ್ರಶ್ನೆಯೂ ಅದೇ: ಇಲ್ಲಿದ್ದಿರಿ ಎಂಬುದಕ್ಕೆ ದಾಖಲೆ ಏನು? ಹಿರಿಯಜ್ಜಿ ಯಾವ ಮರದಡಿ ದೇವರಿಟ್ಟರು, ಹಿಂದಿನವರನ್ನು ಎಲ್ಲಿ ಮಣ್ಣು ಮಾಡಿದರು, ಯಾವ ತೊರೆಯಿಂದ ನೀರು ತಂದರು ಎಂದು ಹೇಳಿದರೆ ಅದು ನೆಲದ ಗುರುತು. ಸಂಘಂ ರೇಡಿಯೊ ಬೀಜದ ವಿಷಯದಲ್ಲಿ ವರ್ಷಗಟ್ಟಲೆ ಮಾಡಿದ್ದು ಇಂಥದ್ದನ್ನೇ, ಅಜ್ಜಿಯರ ಬಾಯಿಂದ ಕೇಳಿ ಉಳಿಸಿಕೊಳ್ಳುವುದನ್ನು. ಎಚ್.ಡಿ. ಕೋಟೆ ಸೀಮೆಗೆ ಸರಗೂರಿನಿಂದ ಕೇಳಿಬರುವ ‘ಜನಧ್ವನಿ’ಯಂಥ ಕೇಂದ್ರಗಳು ಇದನ್ನು ಸಲೀಸಾಗಿ ಮಾಡಬಹುದು. ಎಚ್ಚರ ಇಷ್ಟೇ: ನಿಯಮ ಕೇಳುವುದು ಬರೆದ ಹೇಳಿಕೆಯನ್ನು. ಧ್ವನಿಮುದ್ರಣವಾದ ದಿನವೇ ಅರಣ್ಯ ಹಕ್ಕು ಸಮಿತಿಯವರನ್ನು ಕೂರಿಸಿಕೊಂಡು ಮಾತನ್ನು ಕಾಗದಕ್ಕಿಳಿಸಿ, ಓದಿ ಹೇಳಿ, ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಳ್ಳಬೇಕು.