ಒಣಗದ ಸಮವಸ್ತ್ರ ಮತ್ತು ಎಸ್ಸೆಸ್ಸೆಲ್ಸಿ ಫಲಿತಾಂಶ

ಮಕ್ಕಳಿಗೆ ಟೈ ಕಟ್ಟಿಸಿದರೆ ಗಣಿತ ಬರುತ್ತದೆ ಎಂದು ನಂಬುವವರ ಸಂಖ್ಯೆ ನಮ್ಮ ಹಿನ್ನೀರಿನ ಸೀಮೆಯಲ್ಲಿ ಹೆಚ್ಚುತ್ತಿದೆ. ಬ್ಯಾಕೋಡಿನ ಕಡೆಯ ಒಂದು ಪ್ರೌಢಶಾಲೆಯ ಪಾಲಕರ ಸಭೆಯಲ್ಲಿ ನಾನೇ ಕೂತು ಇದನ್ನು ಕೇಳಿದೆ. ಶಾಲೆಯ ಹೆಸರು ಬೇಡ. ಎಲ್ಲಿ ಬೇಕಾದರೂ ನಡೆಯುವ ಸಭೆ ಅದು. ಸರ್ಕಾರ ಕೊಡುವ ಬಟ್ಟೆ ಕಳೆ ಇಲ್ಲದ್ದು, ಹಾಗಾಗಿ ಟೈ, ಬೆಲ್ಟು, ಬೂಟಿನ ಸಮೇತ ಹೊಸ ಬಣ್ಣದ ಇನ್ನೊಂದು ಸಮವಸ್ತ್ರ ಮಾಡೋಣ, ಖರ್ಚು ಪಾಲಕರದ್ದು ಎಂಬ ಪ್ರಸ್ತಾಪ ಬಂತು. ಕಾರಣವನ್ನೂ ಹೇಳಿದರು: ಶಿಸ್ತು ಬರುತ್ತದೆ, ಶಿಸ್ತು ಬಂದರೆ ರಿಸಲ್ಟು ಬರುತ್ತದೆ. ಹಿಂದೆ ಕೂತಿದ್ದ ತಾಯಿಯೊಬ್ಬರು ಎದ್ದು, "ಇರ ಒಂದು ಜೊತೆಯೇ ಒಣಗದಿಲ್ಲ ಸರ್, ಮಳೆಗಾಲದಲ್ಲಿ ಎಂತ ಹಾಕಿ ಕಳ್ಸದು?" ಎಂದರು. ಕೆಲವರು ನಕ್ಕರು. ಇಡೀ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಈ ಆಸೆ ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ತುಮರಿ, ಬ್ಯಾಕೋಡು, ಕರೂರು ಸೀಮೆಯ ಜನ ಅರ್ಧ ದ್ವೀಪವಾಸಿಗಳಾದರು. ಸಾಗರಕ್ಕೆ ಹತ್ತಿರದ ದಾರಿ ಎಂದರೆ ಹೊಳೆಬಾಗಿಲಿನ ಲಾಂಚು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ರೋಗಿಗಳಿಗೆ, ಬಸುರಿಯರಿಗೆ, ಕಾಲೇಜು ಹುಡುಗರಿಗೆ ಅದು ಏನು ಎಂಬುದನ್ನು ಲಾಂಚಿಗೆ ಕಾದು ಕೂತವರೇ ಹೇಳಬೇಕು. ಆದರೆ ಸೇತುವೆ ಮೇಲೆ ಆಂಬುಲೆನ್ಸ್ ಬಂದ ಹಾಗೆ ಖಾಸಗಿ ಶಾಲೆಯ ಹಳದಿ ಬಸ್ಸೂ ಬರಬಹುದು. ಆ ಬಸ್ಸಿನ ಕಿಟಕಿಯಲ್ಲಿ ಟೈ ಕಟ್ಟಿದ ಮಕ್ಕಳು ಕಾಣುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳ ಸಂಖ್ಯೆ ಕುಸಿಯುವ ಭಯ ಸುಳ್ಳಲ್ಲ. ಆ ಭಯಕ್ಕೆ ಮದ್ದು ಕಂಠಕ್ಕೆ ಕಟ್ಟುವ ಒಂದು ಬಟ್ಟೆಯ ಪಟ್ಟಿ ಎಂಬುದೇ ನನ್ನ ತಕರಾರು.

ರಿಸಲ್ಟಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಶೇ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಆ ಒಂದು ವರ್ಷದಲ್ಲಿ ಮಕ್ಕಳ ಅಂಗಿ ಬದಲಾಗಿರಲಿಲ್ಲ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದಿತ್ತು. ಅದೇ 2024ರಲ್ಲಿ ಶಿವಮೊಗ್ಗ ಜಿಲ್ಲೆ ಶೇ 88.67 ಪಡೆದು ರಾಜ್ಯಕ್ಕೆ ಮೂರನೆಯದಾಯಿತು. ಯಾದಗಿರಿ ಶೇ 50.59 ಪಡೆದು ಕೊನೆಗೆ ಹೋಯಿತು. ಎರಡೂ ಜಿಲ್ಲೆಗಳ ಸರ್ಕಾರಿ ಶಾಲೆಗೆ ಬಟ್ಟೆ ಬರುವುದು ಒಂದೇ ವಿದ್ಯಾವಿಕಾಸ ಯೋಜನೆಯಿಂದ. ಸಮವಸ್ತ್ರ ಅಂಕ ಕೊಡುವಂತಿದ್ದರೆ ಈ ಮೂವತ್ತೆಂಟು ಶೇಕಡಾ ಅಂತರ ಎಲ್ಲಿಂದ ಬರುತ್ತದೆ? ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇವೆ, ಮಗು ಕೂಲಿಗೆ ಹೋದ ತಂದೆತಾಯಿಯ ಜೊತೆ ಗುಳೆ ಹೋಯಿತೇ, ಮನೆಯಲ್ಲಿ ಪುಸ್ತಕ ಹಿಡಿದು ಕೂರಲು ಬೆಳಕಿದೆಯೇ ಎಂದು ಕೇಳಬೇಕಾದ ಜಾಗದಲ್ಲಿ ನಾವು ಬಣ್ಣ ಆರಿಸುತ್ತ ಕೂತಿದ್ದೇವೆ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಲಾಂಗ್ ಬೀಚ್ ನಗರದಲ್ಲಿ 1994ರಲ್ಲಿ ಸರ್ಕಾರಿ ಶಾಲೆಗಳಿಗೆ ಸಮವಸ್ತ್ರ ಕಡ್ಡಾಯವಾಯಿತು. ಗಲಾಟೆ ಕಡಿಮೆಯಾಯಿತು ಎಂಬ ಸುದ್ದಿ ಹಬ್ಬಿ, 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ತಮ್ಮ ವಾರ್ಷಿಕ ಭಾಷಣದಲ್ಲೇ ಸಮವಸ್ತ್ರದ ಪರ ಮಾತಾಡಿದರು. ಎರಡು ವರ್ಷದ ನಂತರ, 1998ರಲ್ಲಿ, ಬ್ರನ್ಸ್‌ಮ ಮತ್ತು ರಾಕೆಮೋರ್ ಎಂಬ ಸಂಶೋಧಕರು ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದರ ಅಂಕಿಅಂಶ ಹಿಡಿದು ನೋಡಿದರೆ ಹಾಜರಾತಿಯಲ್ಲಾಗಲಿ, ನಡತೆಯಲ್ಲಾಗಲಿ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ; ಕಲಿಕೆಯಲ್ಲಿ ತುಸು ಹಿನ್ನಡೆಯೇ ಕಂಡಿತು. ಲಾಂಗ್ ಬೀಚಿನಲ್ಲಿ ಅದೇ ಹೊತ್ತಿಗೆ ಬೇರೆ ಸುಧಾರಣೆಗಳೂ ನಡೆದಿದ್ದವು, ಕಣ್ಣಿಗೆ ಬಿದ್ದದ್ದು ಮಾತ್ರ ಬಟ್ಟೆ. ಕಣ್ಣಿಗೆ ಬೀಳುವುದೇ ಕೆಲಸ ಮಾಡಿತು ಎನ್ನುವ ಅವಸರ ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ.

ಆದರೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿ ಇದೆ. ನನ್ನ ವಾದ ನಿಂತಿರುವುದೇ ಅದರ ಮೇಲೆ. ಕೆನ್ಯಾ ದೇಶದಲ್ಲಿ ಬಡ ಮಕ್ಕಳಿಗೆ ಸಮವಸ್ತ್ರವನ್ನು ಉಚಿತವಾಗಿ ಕೊಟ್ಟು ನೋಡಿದರು. ಶಾಲೆಗೆ ಚಕ್ಕರ್ ಹಾಕುವುದು ಕಡಿಮೆಯಾಯಿತು. ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನದಲ್ಲಿ ಉಚಿತ ಸಮವಸ್ತ್ರ ಸಿಕ್ಕ ಹೆಣ್ಣುಮಕ್ಕಳು ಶಾಲೆ ಬಿಡುವುದೂ ಕಡಿಮೆಯಾಯಿತು. ಅಲ್ಲಿ ಸಮವಸ್ತ್ರ ಮೊದಲೇ ಇತ್ತು, ಅದನ್ನು ಕೊಳ್ಳಲಾಗದೆ ಮಕ್ಕಳು ಹೊರಗುಳಿಯುತ್ತಿದ್ದರು. ಆ ಖರ್ಚು ತಪ್ಪಿದ್ದೇ ಉಪಕಾರವಾಯಿತು. ಅಂದರೆ, ಬಟ್ಟೆಯನ್ನು ಮಗುವಿನ ಕೈಗೆ ಕೊಡುವುದು ಒಂದು ಕೆಲಸ, ಮಗುವಿನ ಮೈಮೇಲೆ ಹೇರಿ ಬಿಲ್ಲನ್ನು ಮನೆಗೆ ಕಳಿಸುವುದು ಅದಕ್ಕೆ ಪೂರ್ತಿ ಉಲ್ಟಾ ಕೆಲಸ. ನಮ್ಮ ಸಭೆಗಳು ಎರಡನೆಯದಕ್ಕೆ ಮೊದಲನೆಯದರ ಹೆಸರಿಡುತ್ತಿವೆ.

ಸಮವಸ್ತ್ರವೇ ಬೇಡ ಎನ್ನುವವನಲ್ಲ ನಾನು. ಅಂಗಿ ನೋಡಿದರೆ ಜಾತಿ, ಜಮೀನು ಎರಡೂ ಗೊತ್ತಾಗುತ್ತಿದ್ದ ಊರುಗಳಲ್ಲಿ ಒಂದೇ ಬಣ್ಣದ ಬಟ್ಟೆ ಸಣ್ಣ ಸಂಗತಿಯಲ್ಲ. ಗೇಣಿದಾರರ ಮಗ ಮತ್ತು ಒಡೆಯರ ಮಗ ಒಂದೇ ನೀಲಿಯಲ್ಲಿ ಕೂತದ್ದನ್ನು ಕಂಡು ಹಿಗ್ಗಿದ ಹಿರಿಯರು ಈ ತಾಲ್ಲೂಕಿನಲ್ಲಿದ್ದಾರೆ. ಸಮಾನತೆಗೆ ಅಷ್ಟು ಸಾಕು. ಅದರ ಮೇಲೆ ಐದುನೂರು ರೂಪಾಯಿ ಬೂಟು, ಬೇರೆ ಬಣ್ಣದ ಎರಡನೇ ಜೊತೆ ಎಂದು ಏರಿಸುತ್ತ ಹೋದರೆ ತೆಗೆದುಕೊಟ್ಟವರ ಮಗು, ತೆಗೆದುಕೊಡಲಾಗದವರ ಮಗು ಎಂಬ ಹೊಸ ಗೆರೆ ಪ್ರಾರ್ಥನೆಯ ಸಾಲಿನಲ್ಲೇ ಬೀಳುತ್ತದೆ. ಟೈ ತರದವನನ್ನು ಮುಂದೆ ಕರೆದು ನಿಲ್ಲಿಸುತ್ತಾರಲ್ಲ, ಆಗ ಅವನ ಮನೆಯ ಲೆಕ್ಕವನ್ನು ಇಡೀ ಶಾಲೆಗೆ ಓದಿ ಹೇಳಿದ ಹಾಗೆ. ಸಮವಸ್ತ್ರ ಮುಚ್ಚಬೇಕಾಗಿದ್ದನ್ನೇ ಸಮವಸ್ತ್ರ ಬಿಚ್ಚಿಡುತ್ತದೆ.

ಇನ್ನು ಮಳೆ. ಬಯಲುಸೀಮೆಯಲ್ಲಿ ಕೂತು ಯೋಜನೆ ಬರೆಯುವವರಿಗೆ ಇದು ಹೊಳೆಯುವುದಿಲ್ಲ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಬೆಳಗ್ಗೆ ಹಾಕಿಕೊಂಡಾಗ ಹೊಗೆ ವಾಸನೆ, ತೊಡೆಯ ಹತ್ತಿರ ಇನ್ನೂ ಹಸಿ. ತೋಟ ದಾಟಿ, ಹಳ್ಳ ದಾಟಿ, ಕೊಡೆ ಹಿಡಿದು ಬಸ್ಸಿನ ದಾರಿಗೆ ಬರುವಷ್ಟರಲ್ಲಿ ಮೊಣಕಾಲಿನ ತನಕ ಮತ್ತೆ ಒದ್ದೆ. ಆ ಒದ್ದೆಯಲ್ಲೇ ಸಂಜೆ ನಾಲ್ಕೂವರೆ ತನಕ ಬೆಂಚಿನ ಮೇಲೆ ಕೂರಬೇಕು. ಮುಟ್ಟಾದ ಹುಡುಗಿಯ ಪಾಡು ಯೋಚಿಸಿ. ಇಂಥ ದಿನ ಅವಳು ಶಾಲೆಗೆ ಬರದಿದ್ದರೆ ಅದನ್ನು ಅಶಿಸ್ತು ಎಂದು ಬರೆದುಕೊಳ್ಳುತ್ತೇವೆ. ಮಲೆನಾಡಿನ ಶಾಲೆಗೆ ಬೇಕಾದದ್ದು ಚಂದದ ಬಟ್ಟೆಯಲ್ಲ, ಬೇಗ ಒಣಗುವ ಬಟ್ಟೆ, ಮತ್ತು ಅದರ ಎರಡು ಜೊತೆ.

ಎರಡು ಜೊತೆ ಎಂಬುದು ಭಿಕ್ಷೆಯ ಮಾತೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ, ಬೂಟು, ಕಾಲುಚೀಲ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿತ್ತು. ಪಾಲಿಸಲಿಲ್ಲವೆಂದು 2023ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಯೇ ಬಂದು ಸರ್ಕಾರ ಛೀಮಾರಿ ಹಾಕಿಸಿಕೊಂಡಿತು. ಆ ಕಾಯ್ದೆ ಎಂಟನೇ ತರಗತಿಗೆ ನಿಲ್ಲುತ್ತದೆ, ಒಂಬತ್ತು ಮತ್ತು ಹತ್ತರ ಮಕ್ಕಳು ಅದರ ಹೊರಗೆ. ಇದನ್ನು ಹಿಡಿದು ಶಾಸಕರ ಮನೆ ಬಾಗಿಲು ತಟ್ಟುವ ಬದಲು ಪಾಲಕರ ಜೇಬು ತಟ್ಟುವುದು ಸುಲಭ.

ಶಿಸ್ತಿನ ವಾದ ಮಾಡುವವರಿಗೆ 2022 ನೆನಪಿರಬೇಕು. ಆ ಫೆಬ್ರುವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಶಿವಮೊಗ್ಗದಲ್ಲಿ ಕಲ್ಲು ಬಿತ್ತು, ರಾಜ್ಯದ ಪ್ರೌಢಶಾಲೆ, ಕಾಲೇಜುಗಳನ್ನು ಮುಚ್ಚಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು, ತಲೆಯ ಮೇಲಿನ ಒಂದು ಬಟ್ಟೆಗಾಗಿ ಪರೀಕ್ಷೆ ಬಿಟ್ಟ ಹುಡುಗಿಯರ ವರ್ಷವೂ ಮುಗಿದಿತ್ತು. ಸಮವಸ್ತ್ರ ಕಲಿಕೆಯ ಮೇಲೆ ಪರಿಣಾಮ ಬೀರಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಕಾಗೋಡು ನಮ್ಮ ತಾಲ್ಲೂಕಿನದೇ. 1951ರಲ್ಲಿ ಅಲ್ಲಿನ ಗೇಣಿದಾರರು ಜೈಲಿಗೆ ಹೋದ ಜಗಳ ಶುರುವಾದದ್ದು ಕೊಳಗದಿಂದ. ಅಳೆಯುವ ಕೊಳಗವೇ ಸರಿ ಇಲ್ಲ ಎಂದರು ಅವರು. ಅವರ ಮೊಮ್ಮಕ್ಕಳು ಓದುವ ಶಾಲೆಯಲ್ಲಿ ಕಲಿಕೆಯನ್ನು ಬಟ್ಟೆಯ ಇಸ್ತ್ರಿಯಿಂದ ಅಳೆಯಲು ಹೊರಟಿದ್ದೇವೆ.

ಮುಂದಿನ ಸಭೆಗೆ ಹೋಗುವ ಪಾಲಕರು ಒಂದು ನಿಯಮ ತಿಳಿದಿರಲಿ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೆಯದು: ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪಾಲಕರಿಗೆ ಒಂದು ವರ್ಷ ಮೊದಲೇ ನೋಟಿಸು ಕೊಡಬೇಕು. ನೋಟಿಸು ಎಲ್ಲಿ ಎಂದು ಕೇಳಿ. ಅದು ಸಿಕ್ಕಿದ ಮೇಲೆ, ಈ ವರ್ಷ ಗಣಿತಕ್ಕೆ ಖಾಯಂ ಮೇಷ್ಟ್ರು ಯಾವ ತಿಂಗಳು ಬರುತ್ತಾರೆ, ಅತಿಥಿ ಶಿಕ್ಷಕರ ಸಂಬಳ ಎಷ್ಟು ತಿಂಗಳಿಂದ ಬಾಕಿ ಇದೆ ಎಂದೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ.