ಸುಟ್ಟಿದ್ದು ಮೋಟರ್, ಕೆಟ್ಟಿದ್ದು ಲೈನು

ನಮ್ಮೂರಿನ ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ನನಗಿಂತ ವಯಸ್ಸಾದ ಒಂದು ಗರಗಸದ ಟೇಬಲ್ ಇದೆ. ಈ ಸಲ ಊರಿಗೆ ಹೋದಾಗ ಸ್ವಿಚ್ ಹಾಕಿದರೆ ಬರೀ ‘ಗುಂಯ್’ ಅನ್ನುವ ಸದ್ದು. ಬ್ಲೇಡ್ ಅಲುಗಲಿಲ್ಲ. “ಹೋಯ್ತು ಬಿಡು, ಹೊಸದೇ ತರ್ಬೇಕು” ಅಂದರು ಅಪ್ಪ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಮರ್ಯಾದೆ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಅವಕಾಶ ಸಿಗುತ್ತಾ?

ಪ್ಲಗ್ ಕಿತ್ತು, ಬೆಲ್ಟ್ ಬಿಚ್ಚಿ, ಕೈಯಲ್ಲಿ ಶಾಫ್ಟ್ ತಿರುಗಿಸಿದೆ. ಸಲೀಸಾಗಿ ತಿರುಗಿತು. ಅಂದರೆ ಬೇರಿಂಗ್ ಸರಿಯಿದೆ. ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿ ಮೀಟರ್ ಇಟ್ಟರೆ ಹೆಚ್ಚುಕಮ್ಮಿ ಸೊನ್ನೆ. ಹೊಸ ಕೆಪಾಸಿಟರ್ ಹಾಕಿದೆ, ಮೋಟರ್ ಓಡಿತು. ನಾನು ಬೆಂಗಳೂರಿಗೆ ವಾಪಸ್. ಮೂರೇ ವಾರಕ್ಕೆ ಅಪ್ಪನ ಫೋನು: “ಹೊಗೆ ಬಂತು ಕಣೋ.”

ತಪ್ಪು ನನ್ನದೇ. ಕೆಪಾಸಿಟರ್ ಯಾಕೆ ಸತ್ತಿತು ಅಂತ ನಾನು ಕೇಳಿಕೊಂಡಿರಲಿಲ್ಲ. ಮತ್ತೆ ಹೋಗಿ, ಸಂಜೆ ಊರೆಲ್ಲ ಲೈಟು, ಪಂಪು ಹಾಕುವ ಹೊತ್ತಿನಲ್ಲಿ ವೋಲ್ಟೇಜ್ ಅಳೆದೆ. 230 ಇರಬೇಕಾದಲ್ಲಿ 178.

ಇಂಡಕ್ಷನ್ ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 178 ವೋಲ್ಟಿಗೆ ಸಿಗುವುದು ಸುಮಾರು 60% ಬಲ ಮಾತ್ರ. ಸಿಂಗಲ್ ಫೇಸ್ ಮೋಟರಿನಲ್ಲಿ ಶುರುವಾಗಲಷ್ಟೇ ಬೇಕಾದ ಸ್ಟಾರ್ಟಿಂಗ್ ವೈಂಡಿಂಗ್ ಇರುತ್ತದೆ. ಮುಕ್ಕಾಲು ಪಾಲು ವೇಗ ಬಂದಾಗ ಸೆಂಟ್ರಿಫ್ಯೂಗಲ್ ಸ್ವಿಚ್ ಅದನ್ನು ಕಳಚುತ್ತದೆ. ಆ ವೇಗವೇ ಬರದಿದ್ದರೆ? ಸ್ವಿಚ್ ಕಳಚುವುದಿಲ್ಲ. ಕೆಲವೇ ಸೆಕೆಂಡಿಗೆಂದು ಮಾಡಿದ ವೈಂಡಿಂಗ್, ಕೆಪಾಸಿಟರ್ ಎರಡೂ ಕಾಯುತ್ತಲೇ ಇರುತ್ತವೆ. ಮೊದಲು ಕೆಪಾಸಿಟರ್ ಹೋಯ್ತು, ಆಮೇಲೆ ವೈಂಡಿಂಗ್. ರೋಗ ಇದ್ದದ್ದು ಕಂಬದ ಮೇಲೆ, ನಾನು ಮದ್ದು ಕೊಟ್ಟದ್ದು ಶೆಡ್ಡಿನಲ್ಲಿ.

ಹೊಸ ಮೋಟರ್ ಕೂರಿಸುವುದು ಇನ್ನೊಂದು ಕಥೆ. ಹಳೆಯದರ ಶಾಫ್ಟ್ 5/8 ಇಂಚು, ಅಂದರೆ 15.875 ಮಿಮೀ. ಹೊಸ 80 ಫ್ರೇಮ್ ಮೋಟರಿನದು 19 ಮಿಮೀ. ಪುಲ್ಲಿ ಹಿಡಿಯಲಿಲ್ಲ, ಬೋಲ್ಟಿನ ತೂತುಗಳು ಕೂಡಲಿಲ್ಲ. ಅಂಗಡಿಯವರು “ಅದೇ ಒಂದು ಎಚ್‌ಪಿ, ಕಮ್ಮಿ ರೇಟು” ಅಂತ 2880 ಆರ್‌ಪಿಎಂದು ತೋರಿಸಿದರು. ಹಳೆಯದು 1440. ಅದೇ ಪುಲ್ಲಿ ಅಳತೆಯಲ್ಲಿ ಅದನ್ನು ಕೂರಿಸಿದರೆ ಬ್ಲೇಡ್ ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ, ಅಪ್ಪನ ಬೆರಳುಗಳು ಅದರ ಪಕ್ಕದಲ್ಲೇ ಇರುತ್ತವೆ. 1440ರದ್ದೇ ತಂದು, ಹಳೇ ಪುಲ್ಲಿಯ ಅಳತೆಗೇ 19 ಮಿಮೀ ತೂತಿನ ಹೊಸ ಪುಲ್ಲಿ ಮಾಡಿಸಿ, ಒಂದು ಉಕ್ಕಿನ ತಟ್ಟೆ ಮೇಲೆ ಕೂರಿಸಿದೆವು. ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರನ್ನೂ ಹಾಕಿದೆವು.

ಸ್ಕೀಮು ಯಾರಿಗೆ?

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿ ತನಕ ವೋಚರ್, ಜೊತೆಗೆ 5% ಬಡ್ಡಿಯ ಸಾಲ. ಒಳ್ಳೆಯದೇ. ಆದರೆ 178 ವೋಲ್ಟಿನಲ್ಲಿ ಸಾಲದ ಮೋಟರೂ ಸುಡುತ್ತದೆ. ಕಂತು ಮಾತ್ರ ಸುಡುವುದಿಲ್ಲ.

2022ರ ಡಿಸೆಂಬರಿನಲ್ಲಿ ಕೇಂದ್ರ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್ ಆರಿಸಿಕೊಂಡ ವಲಯಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್-ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಬಡಗಿಯ ಯಂತ್ರ ಅದರಲ್ಲಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡ ಯಂತ್ರದ ಮಾಲೀಕನೂ ‘ಗ್ರಾಹಕ’ನೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಪ್ಪುತ್ತದೆ. ಹಾಗಿದ್ದಮೇಲೆ ಹಳೇ ಯಂತ್ರದ ಬಿಡಿಭಾಗ, ಅಳತೆ, ವೈರಿಂಗ್ ನಕ್ಷೆ ಅವನಿಗೂ ಸಿಗಬೇಕಲ್ವಾ?

ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ವೋಲ್ಟೇಜ್ ದೂರನ್ನು ಗೊತ್ತಾದ ಅವಧಿಯಲ್ಲಿ ಬಗೆಹರಿಸುವ, ತಪ್ಪಿದರೆ ಪರಿಹಾರ ಕೊಡುವ ಮಾತಾಡುತ್ತವೆ. ನಾವೂ ದೂರು ಕೊಟ್ಟೆವು. ಸಿಬ್ಬಂದಿ ಬಂದದ್ದು ಮಟಮಟ ಮಧ್ಯಾಹ್ನ. 225 ಇದೆ, ಸರಿಯಾಗಿದೆ ಅಂತ ಬರೆದುಕೊಂಡು ಹೋದರು.

ಈಗ ಅಪ್ಪ ದಿನಾ ಸಂಜೆ ಏಳಕ್ಕೆ ಮೀಟರ್ ನೋಡಿ, ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲಿ ಅಂಕಿ ಬರೆದಿಡುತ್ತಾರೆ. ಆ ತಿಂಗಳ ಹಾಳೆಯನ್ನೇ ಎರಡನೇ ದೂರಿಗೆ ಲಗತ್ತಿಸಿದ್ದೇವೆ. ನೀವೂ ಊರಿಗೆ ಹೋದಾಗ ಒಂದು ಮೀಟರ್ ಒಯ್ಯಿರಿ. ಸಂಜೆ ಅಳೆಯಿರಿ, ಬರೆದಿಡಿ. ಮಧ್ಯಾಹ್ನದ ಅಂಕಿಗೆ ಸಂಜೆಯ ಅಂಕಿಯೇ ಉತ್ತರ.